ಒಣ ಹುಲ್ಲುಗಾವಲಿಗೆ ಯಾವ ಮಣ್ಣಿನ ಕಟ್ಟೆ? ಕಟ್ಟುವ ಮುನ್ನ ಒಂದು ಹೋಲಿಕೆ

ವರ್ಷದ ನಾಲ್ಕಾರು ಜೋರು ಮಳೆಗಳಲ್ಲಿ ಹರಿದುಹೋಗುವ ನೀರನ್ನು ಹಿಡಿದಿಟ್ಟು, ಮಳೆಯಿಲ್ಲದ ಏಳೆಂಟು ತಿಂಗಳು ಅದನ್ನೇ ದನಕರುಗಳಿಗೆ ಕುಡಿಸುವುದು, ಒಣ ಹುಲ್ಲುಗಾವಲಿನಲ್ಲಿ ಮಣ್ಣಿನ ಕಟ್ಟೆ ಕಟ್ಟಲು ಹೊರಟವರ ಉದ್ದೇಶ. ಹೇಳಲು ಇದು ಸರಳ. ಆದರೆ ಹಳ್ಳಕ್ಕೆ ಅಡ್ಡವಾಗಿ ಏರಿ ಹಾಕುವುದೋ, ಬಯಲಿನಲ್ಲಿ ಹೊಂಡ ತೋಡುವುದೋ, ಒಂದು ದೊಡ್ಡ ಕಟ್ಟೆ ಸಾಕೋ, ಐದಾರು ಸಣ್ಣವು ಬೇಕೋ ಎಂಬ ಆಯ್ಕೆಗಳು ಎದುರಾದಾಗ ಬಹಳ ಜನ ಕಣ್ಣಳತೆಯಲ್ಲೇ ತೀರ್ಮಾನಿಸಿ, ಯಂತ್ರ ತರಿಸಿ ಕೆಲಸ ಶುರುಮಾಡಿಬಿಡುತ್ತಾರೆ. ಅಂಥ ಕಟ್ಟೆಗಳಲ್ಲಿ ಕೆಲವು ಮೊದಲ ಬೇಸಿಗೆಗೇ ಒಣಗುತ್ತವೆ, ಕೆಲವು ಮೊದಲ ನೆರೆಗೇ ಒಡೆಯುತ್ತವೆ. ಎರಡಕ್ಕೂ ಕಾರಣಗಳು ಕಟ್ಟುವ ಮುನ್ನವೇ ತಿಳಿಯುವಂಥವು.

ಮೊದಲು ಆಳದ ಲೆಕ್ಕ

ದೊಡ್ಡ ದನವೊಂದು ಬಿಸಿಲುಗಾಲದಲ್ಲಿ ದಿನಕ್ಕೆ ಸುಮಾರು 50 ಲೀಟರ್ ನೀರು ಕುಡಿಯುತ್ತದೆ ಎಂದು ಹಿಡಿಯಬಹುದು. ಹಾಲು ಕೊಡುವ ಹಸುವಿಗೆ ಇದಕ್ಕಿಂತ ಹೆಚ್ಚು ಬೇಕು, ಕುರಿ ಮೇಕೆಗಳಿಗೆ ಬಹಳ ಕಡಿಮೆ ಸಾಕು. 100 ದನಗಳಿಗೆ ದಿನಕ್ಕೆ 5 ಘನಮೀಟರ್, ಎಂಟು ತಿಂಗಳ 240 ದಿನಗಳಿಗೆ 1,200 ಘನಮೀಟರ್ ನೀರು ಬೇಕಾಗುತ್ತದೆ. ಇಷ್ಟು ಲೆಕ್ಕ ಹಾಕಿದವರು 2,000 ಘನಮೀಟರಿನ ಕಟ್ಟೆ ಕಟ್ಟಿದರೆ ಧಾರಾಳವಾಯಿತು ಎಂದುಕೊಳ್ಳುವುದು ಸಹಜ. ಆದರೆ ಕಟ್ಟೆಯ ನೀರನ್ನು ಕುಡಿಯುವುದು ದನಗಳಷ್ಟೇ ಅಲ್ಲ, ಬಿಸಿಲೂ ಗಾಳಿಯೂ ಕುಡಿಯುತ್ತವೆ. ಒಣ ಸೀಮೆಗಳಲ್ಲಿ ತೆರೆದ ನೀರಿನ ಮೇಲ್ಮೈಯಿಂದ ವರ್ಷಕ್ಕೆ ಎರಡು ಮೀಟರಿನಷ್ಟು ಎತ್ತರದ ನೀರು ಆವಿಯಾಗುವುದು ಅಪರೂಪವೇನಲ್ಲ.

ಒಂದೇ ಗಾತ್ರದ ಎರಡು ಕಟ್ಟೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಬಟ್ಟಲಿನ ಆಕಾರದ ಕಟ್ಟೆಯ ನೀರನ್ನು ಅಂದಾಜು ಮಾಡಲು ಮೇಲ್ಮೈ ವಿಸ್ತೀರ್ಣವನ್ನು ಅತಿ ಹೆಚ್ಚಿನ ಆಳದಿಂದ ಗುಣಿಸಿ, ಬಂದದ್ದನ್ನು 0.4ರಿಂದ ಗುಣಿಸುವುದು ರೂಢಿ. ಮೊದಲನೆಯ ಕಟ್ಟೆಗೆ 2,500 ಚದರ ಮೀಟರ್ ಮೇಲ್ಮೈ ಮತ್ತು 2 ಮೀಟರ್ ಆಳ, ಎರಡನೆಯದಕ್ಕೆ 1,000 ಚದರ ಮೀಟರ್ ಮೇಲ್ಮೈ ಮತ್ತು 5 ಮೀಟರ್ ಆಳ ಇದೆ ಎನ್ನೋಣ. ಎರಡರಲ್ಲೂ 2,000 ಘನಮೀಟರ್ ನೀರಿರುತ್ತದೆ. ಒಣಗಾಲದಲ್ಲಿ ಒಂದೂವರೆ ಮೀಟರ್ ನೀರು ಆವಿಯಾಯಿತೆಂದರೆ, ಒಂದು ದನವೂ ಬಾಯಿ ಹಾಕದಿದ್ದರೂ ಮೊದಲನೆಯದರಲ್ಲಿ ಉಳಿಯುವುದು ಸುಮಾರು 60 ಘನಮೀಟರ್ ಕೆಸರುನೀರು, ಎರಡನೆಯದರಲ್ಲಿ ಸುಮಾರು 800 ಘನಮೀಟರ್. ನೋಡುವ ಕಣ್ಣಿಗೆ ಹರವಾದ ಕಟ್ಟೆಯೇ ದೊಡ್ಡದಾಗಿ ಕಾಣುತ್ತದೆ, ಆದರೆ ಬೇಸಿಗೆಯ ಕೊನೆಗೆ ನೀರು ಕೊಡುವುದು ಆಳವಾದದ್ದು. 100 ದನಗಳಿಗೆ ಆ ಎರಡನೆಯದೂ ಸಾಲದು ಎಂಬುದನ್ನೂ ಈ ಲೆಕ್ಕವೇ ಹೇಳುತ್ತದೆ. ಅಷ್ಟೇ ಆಳ ಇಟ್ಟುಕೊಂಡು ಗಾತ್ರವನ್ನು 3,000 ಘನಮೀಟರಿನ ಮೇಲಕ್ಕೆ ಒಯ್ಯಬೇಕಾಗುತ್ತದೆ. ಮುಂದಿನ ಎಲ್ಲ ಹೋಲಿಕೆಗಳಲ್ಲೂ ನಾನು ಮೊದಲು ಕೇಳುವ ಪ್ರಶ್ನೆ, ಈ ಜಾಗದಲ್ಲಿ ಆಳ ಸಿಗುತ್ತದೆಯೇ ಎಂಬುದೇ.

ಬರುವ ನೀರಿನ ಲೆಕ್ಕವೂ ಸುಲಭದ್ದೇ. ಒಂದು ಹೆಕ್ಟೇರಿನ ಮೇಲೆ ಒಂದು ಮಿಲಿಮೀಟರ್ ನೀರು ಹರಿದುಬಂದರೆ ಅದು 10 ಘನಮೀಟರ್. ವರ್ಷಕ್ಕೆ 400 ಮಿಲಿಮೀಟರ್ ಮಳೆಯಾಗುವ ಕಡೆ ಅದರಲ್ಲಿ ನೂರಕ್ಕೆ ಐದು ಭಾಗ ಮಾತ್ರ ಹರಿದುಬರುತ್ತದೆ ಎಂದು ಹಿಡಿದರೂ ಹೆಕ್ಟೇರಿಗೆ 200 ಘನಮೀಟರ್ ಸಿಗುತ್ತದೆ. 3,600 ಘನಮೀಟರಿನ ಕಟ್ಟೆಗೆ 18 ಹೆಕ್ಟೇರ್ ಜಲಾನಯನ ಬೇಕು. ಮಳೆ ಕೈಕೊಡುವ ವರ್ಷವನ್ನು ನೆನೆದು ಇದಕ್ಕಿಂತ ಸ್ವಲ್ಪ ಹೆಚ್ಚಿರುವುದು ಒಳ್ಳೆಯದು. ಆದರೆ ನೂರಾರು ಹೆಕ್ಟೇರಿನ ನೀರೆಲ್ಲ ಬರುವ ದೊಡ್ಡ ಹಳ್ಳಕ್ಕೆ ಸಣ್ಣ ಕಟ್ಟೆ ಹಾಕುವುದು ಮಾತ್ರ ಹುಚ್ಚು ಸಾಹಸ, ಏಕೆಂದರೆ ಬೇಕಾದ ನೀರಿನ ಜೊತೆಗೆ ಬೇಡದ ನೆರೆಯೂ ಹೂಳೂ ಬರುತ್ತವೆ.

ಕಟ್ಟೆಯ ಬಗೆಗಳು

ಹಳ್ಳಕ್ಕೆ ಅಡ್ಡವಾಗಿ ಏರಿ ಹಾಕುವುದು ಎಲ್ಲಕ್ಕಿಂತ ಮಿತವ್ಯಯದ ದಾರಿ. ಎರಡು ಬದಿಯ ದಿಣ್ಣೆಗಳು ಹತ್ತಿರ ಬಂದು, ಅದರ ಮೇಲ್ಭಾಗದಲ್ಲಿ ಹಳ್ಳ ಅಗಲವಾಗಿ ಹರಡಿಕೊಂಡಿದ್ದರೆ, ಸರಿಸಿದ ಒಂದು ಘನಮೀಟರ್ ಮಣ್ಣಿಗೆ ಐದರಿಂದ ಹತ್ತು ಘನಮೀಟರ್ ನೀರು ನಿಲ್ಲಿಸಬಹುದು. ಅಪಾಯ ಹೆಚ್ಚಿರುವುದೂ ಇದರಲ್ಲೇ. ನೀರಿನ ಸಹಜ ದಾರಿಗೇ ನಾವು ಅಡ್ಡ ನಿಂತಿರುತ್ತೇವೆ, ಆದ್ದರಿಂದ ಕೋಡಿಯಲ್ಲಿ ಆಗುವ ಸಣ್ಣ ತಪ್ಪಿಗೂ ಏರಿಯೇ ಬೆಲೆ ತೆರಬೇಕಾಗುತ್ತದೆ. ಮೇಲಿನ ಹುಲ್ಲು ಸವೆದು ನೆಲ ಬೋಳಾಗಿದ್ದರೆ ಹೂಳು ಕೂಡ ನೇರವಾಗಿ ಕಟ್ಟೆಗೇ ಬಂದು, ಇಷ್ಟು ಕಷ್ಟಪಟ್ಟು ಗಳಿಸಿದ ಆಳವನ್ನು ತುಂಬಿಬಿಡುತ್ತದೆ.

ಹಳ್ಳವಿಲ್ಲದ, ನಿಧಾನ ಇಳಿಜಾರಿನ ನೆಲದಲ್ಲಿ ಮೂರು ಬದಿಗೆ ಲಾಳದಂತೆ ಬಾಗಿದ ಏರಿ ಹಾಕಬಹುದು. ಮಣ್ಣು ಹೆಚ್ಚು ಬೇಕು, ಒಂದು ಘನಮೀಟರಿಗೆ ಎರಡು ಮೂರು ಘನಮೀಟರ್ ನೀರು ಸಿಕ್ಕರೆ ಹೆಚ್ಚು. ಪ್ರತಿಯಾಗಿ ನೆರೆಯ ಭಯ ಕಡಿಮೆ. ಇಳಿಜಾರಿನಲ್ಲಿ ಸಣ್ಣ ಕಾಲುವೆ ತೆಗೆದು ನೀರನ್ನು ಕಟ್ಟೆಯ ಕಡೆಗೆ ತಿರುಗಿಸಿಕೊಳ್ಳಬಹುದು, ತುಂಬಿದ ಮೇಲೆ ಅದೇ ಕಾಲುವೆಯ ಬಾಯಿ ಮುಚ್ಚಿ ಹೊರಗೆ ಕಳಿಸಬಹುದು.

ನೆಲ ಸಪಾಟಾಗಿದ್ದರೆ ಉಳಿಯುವ ದಾರಿ ತೋಡುವುದು. ಕೆನಡಾದ ಬಯಲುಸೀಮೆಯಲ್ಲಿ ‘ಡಗ್‌ಔಟ್’ ಎಂದು ಕರೆಯುವ ಇಂಥ ಹೊಂಡಗಳೇ ದನ ಸಾಕುವವರ ಮುಖ್ಯ ಆಸರೆಗಳಲ್ಲಿ ಒಂದು. ಇಲ್ಲಿ ಒಂದು ಘನಮೀಟರ್ ನೀರಿಗೆ ಒಂದು ಘನಮೀಟರ್ ಮಣ್ಣು ಎತ್ತಲೇಬೇಕು, ಖರ್ಚು ಹೆಚ್ಚು. ಆದರೆ ನೀರು ನೆಲಮಟ್ಟಕ್ಕಿಂತ ಕೆಳಗಿರುವುದರಿಂದ ಒಡೆಯುವ ಏರಿಯೇ ಇರುವುದಿಲ್ಲ, ಆಳವನ್ನೂ ನಮಗೆ ಬೇಕಾದಷ್ಟು ತೆಗೆದುಕೊಳ್ಳಬಹುದು. ಕೆಳಗೆ ಜನವಸತಿಯೋ ರಸ್ತೆಯೋ ಇದ್ದು, ಏರಿ ಒಡೆದರೆ ಪ್ರಾಣಕ್ಕೆ ಅಪಾಯ ಎನಿಸುವ ಜಾಗದಲ್ಲಿ ಖರ್ಚಿನ ಮಾತನ್ನು ಬದಿಗಿಟ್ಟು ಹೊಂಡವನ್ನೇ ಆರಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ನಾಲ್ಕನೆಯದು ಸುತ್ತಲೂ ಏರಿ ಇರುವ, ಪಂಪಿನಿಂದ ನೀರು ತುಂಬಿಸುವ ಕಟ್ಟೆ. ಆಸ್ಟ್ರೇಲಿಯಾದಲ್ಲಿ ಇದಕ್ಕೆ ‘ಟರ್ಕಿ ನೆಸ್ಟ್’ ಎನ್ನುತ್ತಾರೆ. ಮಳೆನೀರು ಹಿಡಿಯಲು ಇದು ಹೊಂದುವುದಿಲ್ಲ. ಕೊಳವೆಬಾವಿಯಿಂದಲೋ ಬೇರೊಂದು ಕಟ್ಟೆಯಿಂದಲೋ ಎತ್ತಿದ ನೀರನ್ನು ಎತ್ತರದಲ್ಲಿ ಇಟ್ಟುಕೊಂಡು, ಅಲ್ಲಿಂದ ತಾನಾಗಿಯೇ ತೊಟ್ಟಿಗಳಿಗೆ ಹರಿಸಲು ಇದು ಅನುಕೂಲ.

ಮಳೆಗಾಲದಲ್ಲಷ್ಟೇ ಹರಿಯುವ ಮರಳು ಹಳ್ಳ ನಿಮ್ಮ ನೆಲದಲ್ಲಿದ್ದರೆ, ತೆರೆದ ಕಟ್ಟೆಯ ಯೋಚನೆಯನ್ನೇ ಬಿಟ್ಟು ಮರಳಿನೊಳಗೆ ನೀರು ಕೂಡಿಡುವ ದಾರಿಯನ್ನು ಪರಿಶೀಲಿಸಬೇಕು. ಕೀನ್ಯಾದ ಮಚಾಕೋಸ್ ಮತ್ತು ಕಿಟುಯಿ ಭಾಗಗಳಲ್ಲಿ ಹಳ್ಳಕ್ಕೆ ಅಡ್ಡಲಾಗಿ ಕಲ್ಲು–ಕಾಂಕ್ರೀಟಿನ ಗಿಡ್ಡ ಗೋಡೆ ಕಟ್ಟಿ, ಅದರ ಹಿಂದೆ ಮರಳು ತುಂಬಲು ಬಿಡುತ್ತಾರೆ. ಇದಕ್ಕೆ ಹತ್ತಿರದ ಇನ್ನೊಂದು ವಿಧಾನದಲ್ಲಿ ಹಳ್ಳದ ಮರಳನ್ನು ಅಡ್ಡಕ್ಕೆ ಸೀಳಿ ಕೆಳಗಿನ ಗಟ್ಟಿ ಪದರದವರೆಗೆ ಕಂದಕ ತೋಡಿ, ಅದರಲ್ಲಿ ಜೇಡಿಮಣ್ಣಿನ ಗೋಡೆಯನ್ನು ಕುಮ್ಮಿ ಮುಚ್ಚುತ್ತಾರೆ. ಮರಳಿನ ಗಾತ್ರದ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಮಾತ್ರ ನೀರಿಗೆ ಜಾಗವಿರುತ್ತದೆ, ಆದರೆ ನೀರಿನ ಮಟ್ಟ ಮರಳಿನ ಮೇಲ್ಮೈಯಿಂದ ಅರ್ಧ ಮುಕ್ಕಾಲು ಮೀಟರ್ ಕೆಳಗಿಳಿದ ಮೇಲೆ ಬಿಸಿಲು ಅದನ್ನು ಹೆಚ್ಚುಕಡಿಮೆ ಮುಟ್ಟಲಾರದು. ಹಳ್ಳದಲ್ಲಿ ಬರುವುದು ದಪ್ಪ ಮರಳಾಗಿರದೆ ನಯವಾದ ಹೂಳಾಗಿದ್ದರೆ ಈ ವಿಧಾನ ಫಲಿಸುವುದಿಲ್ಲ.

ಮಣ್ಣು ಹೇಳುವ ಮಾತು

ಜಾಗ ಎಷ್ಟೇ ಚೆನ್ನಾಗಿದ್ದರೂ ಮಣ್ಣು ನೀರು ಹಿಡಿಯದಿದ್ದರೆ ಕಟ್ಟೆಯಿಲ್ಲ. ಏರಿಯ ಜಾಗದಲ್ಲೂ ನೀರು ನಿಲ್ಲುವ ತಳದಲ್ಲೂ ಮಣ್ಣು ತೆಗೆಯುವ ಜಾಗದಲ್ಲೂ ಪರೀಕ್ಷೆಯ ಗುಂಡಿಗಳನ್ನು ತೋಡಿಸಿ, ಪದರ ಪದರವಾಗಿ ನೋಡಲೇಬೇಕು. ತಳದ ಗುಂಡಿಯನ್ನು ನೀವು ಮುಂದೆ ತೆಗೆಯಲಿರುವ ಆಳಕ್ಕಿಂತ ಇನ್ನೂ ಕೆಳಗಿನವರೆಗೆ ತೋಡಿಸಿ. ತೆಳುವಾದ ಒಂದು ಮರಳಿನ ಪದರ ಅಡಗಿದ್ದರೂ ಸಾಕು, ಇಡೀ ಕಟ್ಟೆಯ ನೀರು ಅದರ ಮೂಲಕ ಬಸಿದುಹೋಗುತ್ತದೆ.

ಗುಂಡಿಯಿಂದ ತೆಗೆದ ಮಣ್ಣನ್ನು ಒಂದು ಹಿಡಿಯಷ್ಟು ತೆಗೆದುಕೊಂಡು, ಕಲ್ಲುಗಳನ್ನು ಆರಿಸಿ ಹಾಕಿ, ಸ್ವಲ್ಪ ಸ್ವಲ್ಪವೇ ನೀರು ಚಿಮುಕಿಸುತ್ತ ರೊಟ್ಟಿ ಹಿಟ್ಟಿನ ಹದಕ್ಕೆ ನಾದಿ. ಅದನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒತ್ತುತ್ತ ಪಟ್ಟಿಯಂತೆ ಹೊರಗೆ ತಳ್ಳಿ. ಪಟ್ಟಿಯೇ ಆಗದೆ ಉದುರಿದರೆ ಆ ಮಣ್ಣು ಏರಿಗೆ ಬೇಡ. ಬೆರಳಿನಿಂದ ಎರಡೂವರೆ ಸೆಂಟಿಮೀಟರಿನಷ್ಟು ಇಳಿಬಿದ್ದು ತುಂಡಾದರೆ ಅನುಮಾನದ ಮಣ್ಣು. ಐದು ಸೆಂಟಿಮೀಟರ್ ಮತ್ತು ಅದಕ್ಕಿಂತ ಉದ್ದಕ್ಕೆ ಮುರಿಯದೆ ಜೋತುಬಿದ್ದರೆ ಅದರಲ್ಲಿ ಜೇಡಿ ಸಾಕಷ್ಟಿದೆ. ತೂಕದಲ್ಲಿ ನೂರಕ್ಕೆ ಇಪ್ಪತ್ತು ಭಾಗವಾದರೂ ಜೇಡಿ ಇದ್ದರೆ ಮಣ್ಣನ್ನು ದಮ್ಮಸು ಮಾಡಿಯೇ ನೀರು ನಿಲ್ಲಿಸಬಹುದು. ಪೂರ್ತಿ ಎರೆಮಣ್ಣಾದರೆ ಇನ್ನೂ ಒಳ್ಳೆಯದೆಂದು ಭಾವಿಸಬಾರದು. ಅದು ಒದ್ದೆಯಾದಾಗ ಉಬ್ಬಿ, ಒಣಗಿದಾಗ ಅಂಗೈ ತೂರುವಷ್ಟು ಬಿರುಕು ಬಿಡುತ್ತದೆ. ಖಾಲಿ ಕಟ್ಟೆಗೆ ಮೊದಲ ಮಳೆ ಬಂದಾಗ ನೀರು ಏರಿಯೊಳಕ್ಕೆ ನುಗ್ಗುವುದು ಆ ಬಿರುಕುಗಳ ಮೂಲಕವೇ.

ಇನ್ನೊಂದು ಪರೀಕ್ಷೆಯನ್ನು ನಾನು ಎಂದೂ ಬಿಡುವುದಿಲ್ಲ. ಗಾಜಿನ ಲೋಟದಲ್ಲಿ ಮಳೆನೀರನ್ನೋ ಬಟ್ಟಿ ಇಳಿಸಿದ ನೀರನ್ನೋ ತುಂಬಿ, ಕಡಲೆಕಾಳಿನಷ್ಟು ದೊಡ್ಡ ಒಣ ಮಣ್ಣಿನ ಹೆಂಟೆಯನ್ನು ಮೆಲ್ಲಗೆ ಅದರಲ್ಲಿ ಇಳಿಸಿ, ಅಲುಗಾಡಿಸದೆ ಬಿಡಬೇಕು. ಹೆಂಟೆ ಕುಸಿದು ಪುಡಿಯಾದರೂ ಸುತ್ತಲಿನ ನೀರು ತಿಳಿಯಾಗಿಯೇ ಉಳಿದರೆ ತೊಂದರೆಯಿಲ್ಲ. ಹೆಂಟೆಯ ಸುತ್ತ ಹಾಲು ಕದಡಿದಂತೆ ಮಬ್ಬು ಎದ್ದು ಲೋಟದ ತಳದಲ್ಲೆಲ್ಲ ಹರಡಿ, ಗಂಟೆಗಳ ಮೇಲೂ ತಿಳಿಯಾಗದಿದ್ದರೆ, ಆ ಮಣ್ಣಿನಲ್ಲಿ ಸೋಡಿಯಂ ಹೆಚ್ಚಿದ್ದು ಜೇಡಿಯ ಕಣಗಳು ತಾವಾಗಿಯೇ ನೀರಿನಲ್ಲಿ ಚದುರುತ್ತಿವೆ ಎಂದು ಅರ್ಥ. ಇಂಥ ಮಣ್ಣಿನ ಏರಿ ಕೈಗೆ ಗಟ್ಟಿಯೆನಿಸಿದರೂ ಒಳಗೊಳಗೇ ಕರಗಿ ಸುರಂಗವಾಗುತ್ತದೆ. ಜಿಪ್ಸಂ ಬೆರೆಸಿ ಸರಿಪಡಿಸಬಹುದು, ಆದರೆ ಎಷ್ಟು ಬೆರೆಸಬೇಕೆಂಬುದನ್ನು ಮಣ್ಣಿನ ಪ್ರಯೋಗಾಲಯವೇ ಹೇಳಬೇಕು. ಬೇರೆ ಮಣ್ಣು ಹತ್ತಿರದಲ್ಲಿದ್ದರೆ ಅದನ್ನು ತರುವುದೇ ಲೇಸು.

ಏರಿಯ ಒಡಲು: ಒಂದೇ ಮಣ್ಣೋ, ತಿರುಳೋ, ಹೊದಿಕೆಯೋ

ಒಳ್ಳೆಯ ಜೇಡಿಮಿಶ್ರಿತ ಮಣ್ಣು ಬೇಕಾದಷ್ಟಿದ್ದರೆ ಇಡೀ ಏರಿಯನ್ನು ಅದೇ ಮಣ್ಣಿನಿಂದ ಕಟ್ಟುವುದು ಸರಳ, ತಪ್ಪಿಗೆ ಅವಕಾಶವೂ ಕಡಿಮೆ. ಅದು ಸ್ವಲ್ಪವೇ ಇದ್ದರೆ ನಡುವೆ ಜೇಡಿಯ ತಿರುಳು ಕಟ್ಟಿ, ಎರಡು ಬದಿಗೆ ಗೊಚ್ಚು ಮಣ್ಣನ್ನು ಹಾಕುವುದು ಉಳಿತಾಯ. ಎಂಜಿನಿಯರುಗಳು ಇವನ್ನು ಹಾರ್ಟಿಂಗ್ ಮತ್ತು ಕೇಸಿಂಗ್ ಎನ್ನುತ್ತಾರೆ. ಆದರೆ ಎರಡು ಮಣ್ಣುಗಳನ್ನು ಬೆರೆಯದಂತೆ ಬೇರೆಬೇರೆಯಾಗಿ ಹಾಕಿಸಲು ದಿನವಿಡೀ ಮೇಲೆ ನಿಲ್ಲುವವರು ಬೇಕು. ಯಾವುದನ್ನೇ ಆರಿಸಿದರೂ ಏರಿಯ ಉದ್ದಕ್ಕೂ ನಡುವೆ ಕೀಲು ಕಂದಕ ತೋಡಿ, ನೀರು ಬಸಿಯದ ಪದರದೊಳಕ್ಕೆ ಒಂದಡಿಯಷ್ಟಾದರೂ ಇಳಿಸಿ, ಒಳ್ಳೆಯ ಜೇಡಿಯಿಂದ ಕುಮ್ಮಿ ತುಂಬಲೇಬೇಕು. ಹುಲ್ಲು ಬೇರು ಇರುವ ಮೇಲ್ಮಣ್ಣನ್ನು ಮೊದಲು ಕೆರೆದು ಬದಿಗಿಡಬೇಕು. ಅದರ ಮೇಲೆಯೇ ಏರಿ ಎಬ್ಬಿಸಿದರೆ ಬೇರು ಕೊಳೆತ ದಾರಿಯಲ್ಲಿ ನೀರು ಜಿನುಗುತ್ತದೆ.

ಮಣ್ಣನ್ನು 15 ಸೆಂಟಿಮೀಟರಿನ ತೆಳು ಪದರಗಳಲ್ಲಿ ಹರಡಿ, ಹದ ನೋಡಿ ನೀರು ಹಾಕಿ, ಮೈತುಂಬ ಗೊರಸಿನಂಥ ಉಬ್ಬುಗಳಿರುವ ಶೀಪ್‌ಫುಟ್ ರೋಲರಿನಿಂದ ದಮ್ಮಸು ಮಾಡಿಸಬೇಕು. ಬುಲ್ಡೋಜರ್ ಓಡಾಡಿದರೆ ಸಾಕು ಎಂಬ ಮಾತನ್ನು ನಂಬಬೇಡಿ. ಅಷ್ಟು ಭಾರದ ಯಂತ್ರದ ತೂಕ ಅಗಲವಾದ ಪಟ್ಟಿಗಳ ಮೇಲೆ ಹಂಚಿಹೋಗುವುದರಿಂದ ಕೆಳಗಿನ ಮಣ್ಣು ಸಡಿಲವಾಗಿಯೇ ಉಳಿಯುತ್ತದೆ. ನೀರಿನ ಕಡೆಯ ಇಳಿಜಾರು ಒಂದು ಮೀಟರ್ ಎತ್ತರಕ್ಕೆ ಮೂರು ಮೀಟರ್, ಹೊರಗಿನದು ಎರಡರಿಂದ ಎರಡೂವರೆ ಮೀಟರ್ ಇರುವುದು ಸಣ್ಣ ಏರಿಗಳಿಗೆ ರೂಢಿಯ ಅಳತೆ. ಚೆನ್ನಾಗಿ ಕುಮ್ಮಿದ ಏರಿಯೂ ಕಾಲಕ್ರಮದಲ್ಲಿ ಕೂರುತ್ತದೆ, ಅದಕ್ಕಾಗಿ ನೂರಕ್ಕೆ ಐದರಷ್ಟು ಹೆಚ್ಚು ಎತ್ತರ ಇಟ್ಟುಕೊಳ್ಳಬೇಕು.

ತಳವೇ ಬಸಿಯುವಂತಿದ್ದರೆ ಹೊದಿಕೆಯ ಪ್ರಶ್ನೆ ಬರುತ್ತದೆ. ಹತ್ತಿರದಲ್ಲಿ ಜೇಡಿ ಸಿಕ್ಕರೆ ಅದನ್ನೇ ತಂದು, ಮೂರು ಮೀಟರ್ ಆಳದ ನೀರಿಗೆ 30 ಸೆಂಟಿಮೀಟರ್ ದಪ್ಪಕ್ಕೆ ಕುಮ್ಮುವುದು ಬಾಳಿಕೆಯ ಉಪಾಯ. ಬೆಂಟೋನೈಟ್ ಎಂಬ ಜೇಡಿಯ ಪುಡಿಯನ್ನು ಚದರ ಮೀಟರಿಗೆ 5ರಿಂದ 15 ಕಿಲೋ ಲೆಕ್ಕದಲ್ಲಿ ಬೆರೆಸಿದರೆ ಅದು ಉಬ್ಬಿ ಸಂದುಗಳನ್ನು ಮುಚ್ಚುತ್ತದೆ. ಆದರೆ ಪ್ರತಿವರ್ಷ ಬತ್ತುವ ಕಟ್ಟೆಯಲ್ಲಿ ಅದು ಒಣಗಿ ಬಿರಿಯುತ್ತದೆ, ಉಪ್ಪುನೀರಿನಲ್ಲಿ ಸರಿಯಾಗಿ ಉಬ್ಬುವುದೂ ಇಲ್ಲ. ಪ್ಲಾಸ್ಟಿಕ್ ಹಾಳೆ ಎಲ್ಲಕ್ಕಿಂತ ಚೆನ್ನಾಗಿ ನೀರು ಹಿಡಿಯುತ್ತದೆ, ಆದರೆ ಒಂದು ಗೊರಸು ತಗುಲಿದರೂ ತೂತು. ದನಗಳು ನೇರವಾಗಿ ಇಳಿಯುವ ಕಟ್ಟೆಗೆ ಹಾಳೆ ಹಾಸುವುದು ದುಡ್ಡನ್ನು ನೀರಿಗೆ ಹಾಕಿದಂತೆಯೇ ಸರಿ.

ಕೋಡಿಯಲ್ಲಿ ಉಳಿತಾಯ ಬೇಡ

ಮಣ್ಣಿನ ಏರಿಯ ನೆತ್ತಿಯ ಮೇಲೆ ನೀರು ಹರಿಯಿತೆಂದರೆ ಏರಿಯ ಆಯಸ್ಸು ಮುಗಿಯಿತು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಜಾನ್ಸ್‌ಟೌನ್ ಊರಿನ ಮೇಲ್ಭಾಗದಲ್ಲಿದ್ದ ಸೌತ್ ಫೋರ್ಕ್ ಎಂಬ ಮಣ್ಣಿನ ಅಣೆಕಟ್ಟು 1889ರ ಮೇ 31ರಂದು ಹೀಗೆಯೇ ಒಡೆದು 2,209 ಜನ ಸತ್ತರು. ಅಲ್ಲಿ ನೆತ್ತಿಯನ್ನು ತಗ್ಗಿಸಲಾಗಿತ್ತು, ತಳದ ತೂಬಿನ ಕೊಳವೆಗಳನ್ನು ಹಿಂದೆಯೇ ಕಿತ್ತುಹಾಕಲಾಗಿತ್ತು, ಮೀನು ತಪ್ಪಿಸಿಕೊಳ್ಳಬಾರದೆಂದು ಕೋಡಿಗೆ ಹಾಕಿದ್ದ ಜಾಲರಿಯಲ್ಲಿ ಕಸಕಡ್ಡಿ ಸಿಕ್ಕಿಕೊಂಡಿತ್ತು. ನಮ್ಮ ಕಟ್ಟೆ ಅದರ ಎದುರು ಎಷ್ಟೇ ಚಿಕ್ಕದಾಗಿರಲಿ, ನೀರಿನ ನಡತೆ ಬೇರೆಯಾಗುವುದಿಲ್ಲ.

ಹುಲ್ಲು ಬೆಳೆದ ಅಗಲವಾದ ಕೋಡಿಯನ್ನು ಏರಿಯ ಪಕ್ಕದ ಗಟ್ಟಿ ನೆಲದಲ್ಲಿ ತೆಗೆಯಬೇಕೇ ಹೊರತು ತುಂಬಿದ ಮಣ್ಣಿನ ಮೇಲಲ್ಲ. ಕಿರಿದಾಗಿ ಆಳವಾಗಿ ತೆಗೆದ ಕೋಡಿಯಲ್ಲಿ ನೀರು ರಭಸದಿಂದ ಹರಿದು ನೆಲವನ್ನು ಕೊರೆಯುತ್ತದೆ, ಅಗಲವಾದದ್ದರಲ್ಲಿ ತೆಳುವಾಗಿ ಹರಡಿ ನಿಧಾನವಾಗಿ ಹೋಗುತ್ತದೆ. ಮಳೆ ಸಾಲದೆ ಹುಲ್ಲೇ ಬೆಳೆಯದ ಕಡೆ ಕಲ್ಲು ಹಾಸಬೇಕಾಗುತ್ತದೆ. ವಾರಗಟ್ಟಲೆ ಸಣ್ಣಗೆ ನೀರು ಬರುತ್ತಲೇ ಇರುವ ಹಳ್ಳವಾದರೆ ಹುಲ್ಲು ಕೊಳೆಯದಂತೆ ಆ ಸಣ್ಣ ಹರಿವಿಗೆ ಪ್ರತ್ಯೇಕ ಕೊಳವೆಯ ದಾರಿ ಇರಬೇಕು. ಅತಿ ದೊಡ್ಡ ನೆರೆ ಕೋಡಿಯಲ್ಲಿ ಹರಿಯುವಾಗಲೂ ನೀರಿನ ಮಟ್ಟಕ್ಕಿಂತ ಏರಿಯ ನೆತ್ತಿ 30 ಸೆಂಟಿಮೀಟರಾದರೂ ಮೇಲಿರಬೇಕು. ಕೋಡಿಯ ಅಗಲವನ್ನು ಲೆಕ್ಕ ಹಾಕಲು ಬಲ್ಲ ಎಂಜಿನಿಯರಿಗೆ ಕೊಡುವ ಹಣ ಇಡೀ ಕೆಲಸದಲ್ಲಿ ಅತ್ಯಂತ ಸಾರ್ಥಕವಾದ ಹಣ. ಏರಿ ಇಷ್ಟು ಎತ್ತರ ಮೀರಿದರೆ ಅನುಮತಿ ಬೇಕೆಂಬ ಕಾನೂನು ಹಲವು ದೇಶಗಳಲ್ಲಿದೆ, ಅದನ್ನೂ ಆಗಲೇ ವಿಚಾರಿಸಿಕೊಳ್ಳಬೇಕು.

ಒಂದು ದೊಡ್ಡದೋ, ಹಲವು ಸಣ್ಣವೋ

ಈ ಪ್ರಶ್ನೆಯಲ್ಲಿ ಎರಡು ನ್ಯಾಯಗಳು ಎದುರುಬದುರಾಗಿ ನಿಲ್ಲುತ್ತವೆ. ದನಗಳು ನೀರಿನಿಂದ ಬಹು ದೂರ ಹೋಗಿ ಮೇಯುವುದಿಲ್ಲ. ಸಪಾಟು ನೆಲದಲ್ಲಿ ಒಂದೆರಡು ಕಿಲೋಮೀಟರ್ ದಾಟಿದರೆ ಅಲ್ಲಿನ ಹುಲ್ಲು ಹಾಗೆಯೇ ಉಳಿದು, ಕಟ್ಟೆಯ ಸುತ್ತಲಿನ ನೆಲ ಮಾತ್ರ ತುಳಿದು ಬೋಳಾಗುತ್ತದೆ. ಹೀಗಾಗಿ ಮೇವಿನ ದೃಷ್ಟಿಯಿಂದ ಅಲ್ಲಲ್ಲಿ ಸಣ್ಣ ಕಟ್ಟೆಗಳಿರುವುದು ಒಳ್ಳೆಯದು. ಆದರೆ ಸಣ್ಣ ಕಟ್ಟೆಗಳೆಂದರೆ ಆಳವಿಲ್ಲದ ಕಟ್ಟೆಗಳು, ಬೇಸಿಗೆಗೆ ಉಳಿಯದ ಕಟ್ಟೆಗಳು. ಎರಡನ್ನೂ ಒಪ್ಪಿಸುವ ದಾರಿ ಒಂದಿದೆ: ನೀರನ್ನು ಒಂದೇ ಆಳವಾದ ಕಟ್ಟೆಯಲ್ಲಿ ಕೂಡಿಟ್ಟು, ಕೊಳವೆಯಲ್ಲಿ ಒಯ್ದು ಹಲವು ಕಡೆ ತೊಟ್ಟಿಗಳಲ್ಲಿ ಕುಡಿಸುವುದು. ಮಳೆ ಮುಗಿದ ಮೊದಲ ಎರಡು ಮೂರು ತಿಂಗಳಿಗೆಂದು ಸಣ್ಣ ಗೋಕಟ್ಟೆಗಳೂ ಇದ್ದರೆ ಅವು ಬತ್ತುವವರೆಗೆ ಅವನ್ನು ಮೊದಲು ಬಳಸಿ, ದೊಡ್ಡದನ್ನು ಕಡೆಗೆ ಕಾದಿಡಬಹುದು.

ತೊಟ್ಟಿಯ ಪರವಾಗಿ ಇನ್ನೊಂದು ಕಾರಣವಿದೆ. ಕಟ್ಟೆಗೇ ಇಳಿಯುವ ದನಗಳು ದಡವನ್ನು ತುಳಿದು ಕುಸಿಸುತ್ತವೆ, ಸಗಣಿ ಗಂಜಲದಿಂದ ನೀರು ಕೆಡುತ್ತದೆ, ಬಿಸಿಲಿಗೆ ಅದರಲ್ಲಿ ನೀಲಿಹಸಿರು ಪಾಚಿ ಕಟ್ಟಿದರೆ ಕುಡಿದ ದನ ಸಾಯುವುದೂ ಉಂಟು. ಬೇಸಿಗೆಯ ಕೊನೆಯಲ್ಲಿ ಬಡಕಲಾದ ಹಸು ಕಟ್ಟೆಯ ನಡುವಿನ ಕೆಸರಿನಲ್ಲಿ ಹೊಟ್ಟೆಯವರೆಗೆ ಹೂತು, ಎದ್ದೇಳುವ ಶಕ್ತಿಯಿಲ್ಲದೆ ಕತ್ತು ಚಾಚಿ ಮಲಗಿರುವುದನ್ನು ಒಮ್ಮೆ ಕಂಡವರು ಕಟ್ಟೆಗೆ ಬೇಲಿ ಹಾಕದೆ ಬಿಡಲಾರರು.

ನೀರನ್ನು ಹೊರಗೆ ತರಲು ಏರಿಯೊಳಗೆ ಕೊಳವೆ ಹಾಯಿಸಬಹುದು, ಏರಿಯ ಮೇಲಿಂದ ಸೈಫನ್ ಇಡಬಹುದು, ಇಲ್ಲವೆ ಸೌರಶಕ್ತಿಯ ಪಂಪ್ ಕೂರಿಸಬಹುದು. ಕೊಳವೆಯಲ್ಲಿ ನೀರು ತಾನಾಗಿಯೇ ಹರಿಯುತ್ತದೆ, ನೋಡಿಕೊಳ್ಳುವ ಕೆಲಸವಿಲ್ಲ. ಆದರೆ ಕೊಳವೆಯ ಹೊರಮೈಗೂ ಮಣ್ಣಿಗೂ ನಡುವಿನ ಸಂದು ಏರಿಯ ಅತ್ಯಂತ ದುರ್ಬಲ ಜಾಗ. ರೋಲರ್ ಅಲ್ಲಿಗೆ ಹೋಗುವುದಿಲ್ಲ, ಕೈಯಿಂದಲೇ ಕುಮ್ಮಬೇಕು, ಹೊರಬದಿಯಲ್ಲಿ ಕೊಳವೆಯ ಸುತ್ತ ಸೋಸುವ ಮರಳಿನ ಪದರ ಇಡಬೇಕು. ಸೈಫನ್ನಿನಿಂದ ಏರಿಗೆ ತೂತು ಬೀಳುವುದಿಲ್ಲ. ನೀರಿನ ಮಟ್ಟದಿಂದ ನೆತ್ತಿಗೆ ಆರೇಳು ಮೀಟರಿಗಿಂತ ಎತ್ತರವಿದ್ದರೆ ಅದು ನಡೆಯುವುದಿಲ್ಲ, ಗಾಳಿ ಸೇರಿದಾಗಲೆಲ್ಲ ಮತ್ತೆ ತುಂಬಿಸಿ ಹೊರಡಿಸಬೇಕು. ತೋಡಿದ ಹೊಂಡಕ್ಕೆ ಮಾತ್ರ ಪಂಪ್ ಬಿಟ್ಟು ಬೇರೆ ಗತಿಯಿಲ್ಲ. ಏರಿ ಕುಮ್ಮುವ ಕೆಲಸವನ್ನು ಖುದ್ದು ನಿಂತು ಮಾಡಿಸಲಾಗದವರಿಗೆ ನಾನು ಸೈಫನ್ನನ್ನೋ ಪಂಪನ್ನೋ ಸೂಚಿಸುತ್ತೇನೆ.

ಮೊದಲ ಸಲ ತುಂಬುವಾಗ

ಯಾವ ಬಗೆಯ ಏರಿಯೇ ಆಗಿರಲಿ, ಅದರ ನಿಜವಾದ ಪರೀಕ್ಷೆ ಮೊದಲ ಸಲ ನೀರು ತುಂಬುವಾಗ. 93 ಮೀಟರ್ ಎತ್ತರದ, ತಜ್ಞರೇ ರೂಪಿಸಿದ್ದ ಅಮೆರಿಕದ ಐಡಹೋ ರಾಜ್ಯದ ಟೀಟನ್ ಅಣೆಕಟ್ಟು 1976ರ ಜೂನ್ 5ರಂದು ಮೊದಲ ತುಂಬುವಿಕೆಯಲ್ಲೇ ಒಡೆದು 11 ಜನ ಸತ್ತರು. ಬೆಳಿಗ್ಗೆ ಕಂಡ ಸೋರಿಕೆ ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಅಣೆಕಟ್ಟನ್ನೇ ಸೀಳಿತ್ತು.

ಆದ್ದರಿಂದ ಮೊದಲ ಮಳೆಗಾಲದಲ್ಲಿ ನೀರು ಏರುತ್ತಿರುವಷ್ಟು ದಿನವೂ ಏರಿಯ ಹೊರಬುಡದಲ್ಲಿ ನಡೆದು ನೋಡಬೇಕು. ನಾನು ನೋಡಿದ ಒಂದು ಸಣ್ಣ ಏರಿಯಲ್ಲಿ ಕೊಳವೆಯ ಬಾಯಿಯ ಪಕ್ಕ ಅಂಗೈ ಅಗಲದ ತೇವ ಕಾಣಿಸಿಕೊಂಡಿತ್ತು. ಮೊದಲ ದಿನ ಅಲ್ಲಿ ಒಸರುತ್ತಿದ್ದ ನೀರು ತಿಳಿಯಾಗಿತ್ತು. ಎರಡನೆಯ ದಿನ ಅದನ್ನು ಬಿಳಿಯ ಬಟ್ಟಲಿನಲ್ಲಿ ಹಿಡಿದಾಗ ತಳದಲ್ಲಿ ನಯವಾದ ಕೆಂಪು ಮಣ್ಣು ಕೂತಿತು. ತಿಳಿನೀರಿನ ಜಿನುಗು ಬಹುತೇಕ ಏರಿಗಳಲ್ಲಿ ಇದ್ದೇ ಇರುತ್ತದೆ. ಆದರೆ ಮಣ್ಣು ಹೊತ್ತು ಬರುವ ನೀರು ಏರಿಯೊಳಗೆ ದಾರಿ ಕೊರೆಯುತ್ತಿರುತ್ತದೆ. ಅಲ್ಲಿ ಅಂದೇ ಸೈಫನ್ ಹಾಕಿ ಕಟ್ಟೆಯ ನೀರನ್ನು ಇಳಿಸಿ, ಕೊಳವೆಯ ಸುತ್ತಲಿನ ಮಣ್ಣನ್ನು ಅಗೆದು ತೆಗೆದು ಮತ್ತೆ ಕುಮ್ಮಿಸಬೇಕಾಯಿತು. ಆ ವರ್ಷದ ನೀರು ಹೋಯಿತು, ಏರಿ ಉಳಿಯಿತು.